ಹಲುಬೆಯ ಬೆನ್ನಿಗೇ ಉರುಳು ಕಟ್ಟಬಹುದಾ?

ಔರಾದ್ ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. ಮನೆಯಲ್ಲಿ ಎಂಟು ದೇವಣಿ ದನ, ಮೂರು ಎಕರೆ ಹುಲ್ಲುಗಾವಲು. "ಹಲುಬೆ ಹಿಂದ ಉರುಳು ಕಟ್ಟಿ ಒಂದೇ ಸುತ್ತಿನ್ಯಾಗ ಮುಗಿಸಿದ್ರ ಡೀಸೆಲ್ ಉಳಿತದಲ್ರೀ ಸರ?" ಅಂದರು. ಹಲುಬೆ ಅಂದರೆ ನೆಲ ಬಾಚುವ ಹಲ್ಲಿನ ಸಲಕರಣೆ, ಉರುಳು ಅಂದರೆ ಮಣ್ಣು ಒತ್ತಿ ಕೂರಿಸುವ ರೋಲರ್. ಡೀಸೆಲ್ ಉಳಿಯುತ್ತದೆ, ನಿಜ. ಆದರೆ ಹುಲ್ಲು ಉಳಿಯುತ್ತದಾ ಅನ್ನೋದು ಬೇರೆ ಮಾತು.

ಮೊದಲಿಗೆ, ಹುಲ್ಲುಗಾವಲಿಗೆ ಕುಂಟೆ ಹಾಕಿ ಹರಗಬೇಡಿ. ಕುಂಟೆಯ ಕುಡ ಮಣ್ಣಿನೊಳಗೆ ಅಡ್ಡ ಹೋಗಿ ಬೇರನ್ನೇ ಕತ್ತರಿಸುತ್ತದೆ. ಇಲ್ಲಿ ಬೇಕಾದದ್ದು ಹಲ್ಲಿನ ಹಲುಬೆ. ಅದು ಒಣಗಿದ ಹುಲ್ಲನ್ನು ಬಾಚುತ್ತದೆ, ಸಗಣಿ ಒಡೆದು ಹರಡುತ್ತದೆ. ಹಲುಬೆ ಇಲ್ಲದಿದ್ದರೆ ಮುಳ್ಳುಕಂಟಿಯ ಕಟ್ಟಿನ ಮೇಲೆ ಕಲ್ಲು ಹೇರಿ ಎಳೆದರೂ ಸಗಣಿ ಒಡೆಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಮಾಡಿದರೆ ಸಗಣಿಯಲ್ಲಿನ ಜಂತುಹುಳದ ಮರಿಗಳೂ ಒಣಗಿ ಸಾಯುತ್ತವೆ. ಇದಕ್ಕೆ ಉರುಳಿನ ಹಂಗೇ ಇಲ್ಲ.

ತೊಡಕಿರುವುದು ಎರಡನ್ನೂ ಜೋಡಿಸುವಲ್ಲಿ. ಹಲುಬೆಗೆ ಮೇಲ್ಮಣ್ಣು ಒಣಗಿರಬೇಕು, ಉರುಳಿಗೆ ಮಣ್ಣಿನಲ್ಲಿ ಸ್ವಲ್ಪ ಹಸಿ ಇರಬೇಕು. ಹಲುಬೆ ಚುರುಕಾಗಿ ಹೋದರೆ ಚೆನ್ನಾಗಿ ಬಾಚುತ್ತದೆ. ಉರುಳು ನಿಧಾನವಾಗಿ ಹೋಗಬೇಕು, ಇಲ್ಲದಿದ್ದರೆ ಕುಣಿಯುತ್ತದೆ. ಜೋಡಿ ಕಟ್ಟಿದ ಮೇಲೆ ಉರುಳಿನ ವೇಗಕ್ಕೇ ಹೋಗಬೇಕು, ಬಾಚುವ ಕೆಲಸ ಅರ್ಧಂಬರ್ಧ.

ಚಳಿ ದೇಶಗಳಲ್ಲಿ ಹಿಮಕ್ಕೆ ಮಣ್ಣು ಉಬ್ಬಿ ಬೇರು ಸಡಿಲಾಗುತ್ತದೆ. ಅದನ್ನು ಕೂರಿಸಲು ಅಲ್ಲಿ ಉರುಳು ಬೇಕು. ನಮ್ಮ ಕಲಬುರಗಿ, ಯಾದಗಿರಿ ಕಡೆ ಮಣ್ಣು ಎಲ್ಲಿ ಹೆಪ್ಪುಗಟ್ಟುತ್ತದೆ? ನಮ್ಮ ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆ ಬಿರುಕನ್ನು ಮುಚ್ಚೋದು ಮಳೆ, ಉರುಳಲ್ಲ. ನೌಕರಿಯ ಹೊಸತರಲ್ಲಿ ನಾನೇ ಶಹಾಪುರದ ಹತ್ತಿರ ಹಸಿ ಎರೆಯ ಮೇಲೆ ಉರುಳು ಓಡಿಸಿದ್ದೆ. ನೆಲ ಒಲೆಯ ಮೇಲಿನ ಹಂಚಿನಂತೆ ನುಣ್ಣಗಾಯಿತು. ಮುಂದಿನ ಮಳೆಗೆ ನೀರು ಇಂಗಲಿಲ್ಲ, ಹುಲ್ಲು ಹಳದಿಯಾಯಿತು. ಆ ರೈತರು ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಹಾಗಾದರೆ ಜೋಡಿ ಯಾವಾಗ? ಬೋಳಾದ ಜಾಗಕ್ಕೆ ಹೊಸ ಬೀಜ ಬಿತ್ತುವಾಗ. ಅಂಜನ್ ಹುಲ್ಲು, ಸ್ಟೈಲೋ (ದ್ವಿದಳ ಮೇವಿನ ಗಿಡ) ಬೀಜ ಬಲು ಸಣ್ಣವು, ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಬಿದ್ದರೆ ಮೇಲೆ ಬರುವುದು ಕಷ್ಟ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಇಟ್ಟು, ರಾತ್ರಿ ತಣ್ಣೀರಿನಲ್ಲಿ ನೆನೆಸಿ. ಅಂಜನ್ ಬೀಜ ಹತ್ತಿಯಂತೆ ಹಾರುತ್ತದೆ, ಹಸಿ ಮರಳಿನಲ್ಲಿ ಕಲಸಿ ಚೆಲ್ಲಿ. ಮೇಲಿಂದ ಹಲುಬೆ ಹಗುರವಾಗಿ ಗೀರಿದರೆ ಸಾಕು. ಬೆನ್ನಿಗೇ ಬರುವ ಉರುಳು ಬೀಜವನ್ನು ಮಣ್ಣಿಗೆ ಅಂಟಿಸುತ್ತದೆ.

ದಿನ ಗೊತ್ತುಮಾಡಲು ಒಂದು ಹಿಡಿ ಮಣ್ಣು ಸಾಕು. ಹಿಸುಕಿದಾಗ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಪುಡಿಯಾದರೆ ಸರಿ. ಕೈಗೆ ಅಂಟಿದರೆ ಮನೆಗೆ ಹೋಗಿ ಚಹಾ ಕುಡಿಯಿರಿ. ಬೀದರ್‌ನ ಕೆಂಪು ಮಣ್ಣು ಮಳೆಯ ಮೇಲೆ ಬೇಗ ಹದಕ್ಕೆ ಬರುತ್ತದೆ, ಎರೆ ಕಾಯಿಸುತ್ತದೆ.

ಉರುಳು ಕೊಳ್ಳಲು ಸಾಲ ಮಾಡಬೇಡಿ. 200 ಲೀಟರಿನ ಡ್ರಮ್‌ಗೆ ಅಚ್ಚು ಹಾಕಿಸಿ ನೀರು ತುಂಬಿ, ನೀರಿನ ತೂಕವೇ 200 ಕೆಜಿ. ಮಣ್ಣು ಮೆತ್ತಗಿದ್ದರೆ ಅರ್ಧ ಚೆಲ್ಲಿ.

ಔರಾದ್‌ನವರಿಗೆ ಅರ್ಧ ಎಕರೆ ಬೋಳು ಜಾಗಕ್ಕೆ ಮಾತ್ರ ಜೋಡಿ ಕಟ್ಟಿ ಅಂದೆ. "ದನ ಯಾವಾಗ ಬಿಡ್ಲಿ?" ಅಂದರು. ಹುಲ್ಲನ್ನು ಕೈಯಿಂದ ಜಗ್ಗಿ ನೋಡಿ. ಬೇರು ಸಮೇತ ಕಿತ್ತು ಬಂದರೆ ಇನ್ನೂ ಬಿಡಬೇಡಿ.