ಕಣ್ಣು ಮುಚ್ಚಿದರೆ ಯೋಚನೆಗಳೇ ಜಾಸ್ತಿ ಆಗುತ್ತವೆ, ಏನು ಮಾಡಲಿ?

ಪ್ರಶ್ನೆ: ನಾನು ಬನಹಟ್ಟಿಯವಳು, ವಯಸ್ಸು 42. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಸಾಲದ ಚಿಂತೆ, ನಿದ್ದೆ ಕಡಿಮೆ. ಧ್ಯಾನ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿ ಕೂತರೆ ಇಲ್ಲದ ಯೋಚನೆಗಳೆಲ್ಲ ಬರುತ್ತವೆ. ನನಗೆ ಇದು ಆಗಿ ಬರಲ್ವಾ?

ಉತ್ತರ: ಮಗ್ಗದ ಮನೆಯವರಿಗೆ ಇದನ್ನು ಹೇಳುವುದು ಸುಲಭ. ದಿನವಿಡೀ ಖಟಪಟ ನಡೆದಿರುತ್ತದೆ. ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತದೆ. ಆಗ ಗೋಡೆ ಗಡಿಯಾರದ ಟಿಕ್ ಟಿಕ್, ಪಕ್ಕದ ಮನೆಯ ಜಗಳ, ಎಲ್ಲ ಕೇಳಿಸುತ್ತದೆ. ಗಡಿಯಾರ ಆಗಷ್ಟೇ ಓಡಲು ಶುರು ಮಾಡಿದ್ದಲ್ಲ, ಅಲ್ವಾ? ನಿಮ್ಮ ಯೋಚನೆಗಳೂ ಬೆಳಗಿನಿಂದ ಇದ್ದವೇ. ಕೂತಾಗ ಕಿವಿಗೆ ಬಿದ್ದವು, ಅಷ್ಟೇ.

ಮನಸ್ಸು ಖಾಲಿ ಆಗಬೇಕು ಅಂತ ನಿಮಗೆ ಯಾರೋ ತಪ್ಪು ಹೇಳಿದ್ದಾರೆ. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಸುಮ್ನೆ ಗಮನಿಸಿ. ಮನಸ್ಸು ಸಾಲದ ಕಂತಿನ ಕಡೆ ಓಡುತ್ತದೆ. ಓಡಿತು ಅಂತ ಗೊತ್ತಾದಾಗ ಬೈದುಕೊಳ್ಳದೆ ಉಸಿರಿಗೆ ವಾಪಸ್ ಬನ್ನಿ. ಈ ವಾಪಸ್ ಬರುವುದೇ ಅಭ್ಯಾಸ. ಇಪ್ಪತ್ತು ಸಲ ಹೋಗಿ ಇಪ್ಪತ್ತು ಸಲ ಬಂದರೆ ಅವತ್ತು ಚೆನ್ನಾಗಿಯೇ ಕೂತಿದ್ದೀರಿ.

ಕಣ್ಣು ಮುಚ್ಚಲೇಬೇಕು ಅಂತಲೂ ಇಲ್ಲ. ನಮ್ಮ ಕಡೆ ಇಷ್ಟಲಿಂಗ ಪೂಜೆಯಲ್ಲಿ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸಿ ಕೂರುವ ಹಿರಿಯರನ್ನು ನೋಡಿರುತ್ತೀರಿ. ಅದೂ ಆಗದಿದ್ದರೆ ರೊಟ್ಟಿ ಬಡಿಯುವಾಗ ಅಂಗೈಗೆ ತಾಗುವ ಹಿಟ್ಟಿನ ಮೇಲೆ ಗಮನ ಇಡಿ. ಮೊದಮೊದಲು ಐದು ನಿಮಿಷ ಸಾಕು.

ಆದರೆ ಐದು ನಿಮಿಷದಿಂದ ಪವಾಡ ಬಯಸಬೇಡಿ. ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜೊಂದಕ್ಕೆ ತಂದವರು ಜಾನ್ ಕಬಟ್-ಜಿನ್. ಅದು 8 ವಾರಗಳ ತರಬೇತಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಪರೀತ ಆತಂಕದ ಕಾಯಿಲೆ ಇದ್ದವರಿಗೆ ಈ ತರಬೇತಿ, ಆತಂಕಕ್ಕೆ ಡಾಕ್ಟರು ಕೊಡುವ ಎಸಿಟಲೋಪ್ರಾಮ್ ಮಾತ್ರೆಯಷ್ಟೇ ಕೆಲಸ ಮಾಡಿತು. ಆದರೆ ಅವರು ವಾರಕ್ಕೊಮ್ಮೆ ತರಗತಿಗೆ ಹೋಗಿ, ದಿನಾ ಮನೆಯಲ್ಲಿ ಸುಮಾರು 45 ನಿಮಿಷ ಕೂರಬೇಕಿತ್ತು. ಮೊಬೈಲ್‌ನಲ್ಲಿ ಎರಡು ನಿಮಿಷದ ವಿಡಿಯೋ ನೋಡುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಇನ್ನೊಂದು ಮಾತು. ಧ್ಯಾನದಿಂದ ಸಾಲ ತೀರುವುದಿಲ್ಲ. ಅದಕ್ಕೆ ಲೆಕ್ಕದ ಪುಸ್ತಕ ತೆಗೆದು ಮನೆಯವರ ಜೊತೆ ಕೂರಲೇಬೇಕು.

ಕೂತಾಗ ಎದೆ ಹೊಡೆದುಕೊಂಡರೆ, ಹಳೆಯ ಕೆಟ್ಟ ಘಟನೆ ಕಣ್ಣೆದುರು ಬಂದು ಬೆವರಿದರೆ ಅಲ್ಲಿಗೇ ನಿಲ್ಲಿಸಿ. ಹಟ ಬೇಡ. ಕೆಲವರಿಗೆ ಹಾಗಾಗುತ್ತದೆ. ಎರಡು ವಾರದಿಂದ ದಿನವೂ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಡಾಕ್ಟರನ್ನು ನೋಡಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿರುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು. ಈಗಾಗಲೇ ಮಾತ್ರೆ ನುಂಗುತ್ತಿದ್ದರೆ, ಧ್ಯಾನ ಶುರು ಮಾಡಿದೆ ಅಂತ ನೀವಾಗಿಯೇ ಬಿಡಬೇಡಿ.