ಬಾರ್‌ಕೋಡ್‌ನಲ್ಲಿ 666 ಇದೆಯಾ, ಪಾಸ್ಟರ್?

ಪ್ರಶ್ನೆ: ಅಂಗಡಿ ಸಾಮಾನಿನ ಬಾರ್‌ಕೋಡ್‌ನಲ್ಲೆಲ್ಲ 666 ಅಡಗಿದೆಯಂತೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಲ್ಲಿ, ಬಲಗೈಗೋ ಹಣೆಗೋ ಹಾಕುತ್ತಾರೆ, ಅದಿಲ್ಲದೆ ಕೊಳ್ಳಲೂ ಮಾರಲೂ ಆಗದು ಎಂದಿರುವ ಮೃಗದ ಗುರುತು ಇದೇ ಅಲ್ಲವೇ? ಆಧಾರ್, ಫಾಸ್ಟ್ಯಾಗ್ ಎಲ್ಲ ಮಾಡಿಸಿಕೊಂಡಿರುವ ನಮ್ಮ ಗತಿ ಏನು?

ಅಲ್ಲ. ನಿಮ್ಮ ಗತಿಗೆ ಏನೂ ಆಗಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಾಗೆ ಚುಟುಕಾಗಿ ಹೇಳಿ ಕಳಿಸಿದಾಗಲೆಲ್ಲ ಬಾರ್‌ಕೋಡ್‌ನಲ್ಲಿ 666 ಎನ್ನುವ ಅದೇ ವಿಡಿಯೊ ಇನ್ನೊಬ್ಬರ ಫೋನಿನಿಂದ ಮತ್ತೆ ನನ್ನ ವಾಟ್ಸಾಪಿಗೇ ಬಂದು ಬೀಳುತ್ತದೆ. ಮೊದಲು ಬಾರ್‌ಕೋಡ್, ಆಮೇಲೆ ಆಧಾರ್, ಕೊರೊನಾ ಕಾಲದಲ್ಲಿ ಲಸಿಕೆ. ಮೃಗ ಅದೇ, ಗುರುತು ಮಾತ್ರ ಸೀಸನ್ನಿಗೊಂದು. ಈ ಸಲ ಒಂದು ಬಿಸ್ಕೆಟ್ ಪ್ಯಾಕೆಟ್ ಕೈಗೆ ತೆಗೆದುಕೊಳ್ಳಿ, ನೋಡಿಯೇ ಬಿಡೋಣ.

ಹಿಂಭಾಗದಲ್ಲಿ 890 ಎಂದು ಶುರುವಾಗುವ 13 ಅಂಕಿಗಳಿವೆ. ಮೇಲೆ ಕಪ್ಪು ಗೆರೆಗಳು. ಎಡತುದಿ, ನಡು, ಬಲತುದಿಯಲ್ಲಿರುವ ಜೋಡಿಗೆರೆಗಳು ಮಾತ್ರ ಉಳಿದವಕ್ಕಿಂತ ಸ್ವಲ್ಪ ಉದ್ದ, ಕಂಡಿತೇ? ವಿಡಿಯೊದವರ ಪ್ರಕಾರ ಈ ಮೂರು ಜೋಡಿಯೇ ಮೂರು ಆರು. ಅವರ ವಾದಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ, ಅದಕ್ಕೇ ಅದು ಸಾಯುವುದೂ ಇಲ್ಲ. ಬಾರ್‌ಕೋಡಿನಲ್ಲಿ ಪ್ರತಿ ಅಂಕಿಗೂ ಏಳು ಕಿರುಪಟ್ಟಿಯಷ್ಟು ಜಾಗ. ಬಲಭಾಗದಲ್ಲಿ ಆರು ಬರೆಯುವುದು ಹೀಗೆ: ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು, ಆಮೇಲೆ ನಾಲ್ಕು ಬಿಳಿ. ತುದಿಯ ಉದ್ದ ಗೆರೆಗಳಲ್ಲಿ ಕಪ್ಪು, ಬಿಳಿ, ಕಪ್ಪು ಇದೆ, ಅಲ್ಲಿಗೆ ಮುಗಿಯಿತು. ಮುಂದಿನ ನಾಲ್ಕು ಬಿಳಿ ಪಟ್ಟಿ ಎಲ್ಲಿ? ಇಲ್ಲ. ಏಳು ಪಟ್ಟಿ ತುಂಬದೆ ಅಂಕಿಯೇ ಆಗುವುದಿಲ್ಲ. ಕೋಡ್ ಎಲ್ಲಿ ಶುರು, ಎಲ್ಲಿ ನಡು, ಎಲ್ಲಿ ಕೊನೆ ಎಂದು ಯಂತ್ರಕ್ಕೆ ತೋರಿಸುವ ಕಾವಲು ಗೆರೆಗಳು ಅವು. ಈ ವ್ಯವಸ್ಥೆ ರೂಪಿಸಿದ ಐಬಿಎಂ ಇಂಜಿನಿಯರ್ ಜಾರ್ಜ್ ಲಾರರ್ ಹೋಲಿಕೆ ಬರೀ ಕಾಕತಾಳೀಯ ಎಂದು ಹೇಳಿದ್ದರು. ಯಾರು ಕೇಳಬೇಕು? ಅಂದಹಾಗೆ, ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋದಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣ. ಲೋಕ ಆಳಲು ಹೊರಟ ಮೃಗ ಚೂಯಿಂಗ್ ಗಮ್ಮಿನಿಂದ ಶುರು ಮಾಡಿತು ಎಂದು ನಂಬುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಹಾಗಾದರೆ 666 ಏನು? ಪ್ರಕಟನೆ ಬರೆದ ಯೋಹಾನನು ಅದನ್ನು ಬಚ್ಚಿಟ್ಟಿಲ್ಲ. ಬುದ್ಧಿಯಿದ್ದವನು ಲೆಕ್ಕ ಹಾಕಲಿ, ಇದು ಒಬ್ಬ ಮನುಷ್ಯನ ಸಂಖ್ಯೆ ಎಂದು 13ನೇ ಅಧ್ಯಾಯದ ಕೊನೆಯ ವಚನದಲ್ಲೇ ಬರೆದಿದ್ದಾನೆ. ಹೀಬ್ರೂ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿತ್ತು. ಸಂಗೀತ ಕಲಿತವರಿಗೆ ಇದೇನೂ ಹೊಸದಲ್ಲ, ಅಕ್ಷರಕ್ಕೆ ಅಂಕಿ ಕೊಡುವ ನಮ್ಮ ಕಟಪಯಾದಿಯಲ್ಲಿ ಮೇಚಕಲ್ಯಾಣಿ ರಾಗದ ಮ ಐದು, ಚ ಆರು, ತಿರುಗಿಸಿದರೆ 65, ಅದೇ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ. 'ನೆರೋನ್ ಕೈಸರ್' ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿ: 50, 200, 6, 50, ಆಮೇಲೆ 100, 60, 200. ಒಟ್ಟು 666. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದಿದೆ. ಲ್ಯಾಟಿನ್ ರೀತಿಯಲ್ಲಿ ಕೊನೆಯ ನಕಾರ ಬಿಟ್ಟು 'ನೆರೋ' ಎಂದು ಬರೆಯಿರಿ, 50 ಕಳೆಯಿತು, 616! ಎರಡೂ ಪಾಠಕ್ಕೆ ಒಂದೇ ಹೆಸರು ಒಪ್ಪುವುದರಿಂದಲೇ ಬಹಳಷ್ಟು ವಿದ್ವಾಂಸರು ರೋಮಿನ ಚಕ್ರವರ್ತಿ ನೀರೋ ಕಡೆ ಬೆರಳು ತೋರಿಸುತ್ತಾರೆ. ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬಿದ್ದ ಬೆಂಕಿಯ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದವನು ಅವನು. ಯೋಹಾನನ ಈ ಬರಹ ಪತ್ರವಾಗಿ ತಲುಪಿದ ಸಭೆಗಳವರಿಗೆ ಆ ಹೆಸರಿನ ಬಿಸಿ ಗೊತ್ತಿತ್ತು. ಅವರಿಗೆ ಬಿಸ್ಕೆಟ್ ಪ್ಯಾಕೆಟ್ ಗೊತ್ತಿರಲಿಲ್ಲ.

ಇನ್ನು ಗುರುತು ಬೀಳುವ ಬಲಗೈ, ಹಣೆ. ಇದಕ್ಕೂ ಮೈಯೊಳಗಿಡುವ ಮೈಕ್ರೋಚಿಪ್‌ಗೂ ಗಂಟು ಹಾಕುವವರು ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆರೆಯಲಿ: ದೇವರ ಮಾತನ್ನು ಕೈಗೆ ಕಟ್ಟಿಕೊಳ್ಳಬೇಕು, ಹಣೆಯಲ್ಲಿ ಇಟ್ಟುಕೊಳ್ಳಬೇಕು ಎಂದಿದೆ. ಮಾಡುವ ಕೆಲಸ, ಮಾಡುವ ಯೋಚನೆ ಎರಡೂ ಯಾರದ್ದು ಎಂಬ ಪ್ರಶ್ನೆ ಅದು. ನನಗೆ ನಿಜವಾಗಿ ಬೇಸರ ತರುವುದು ಬೇರೆ. ಮೃಗದ ಗುರುತಿನ ವಚನವನ್ನು ಬಾಯಿಪಾಠ ಹೇಳುವವರು ಅದರ ಮರುವಚನಕ್ಕೇ ಹೋಗುವುದಿಲ್ಲ. ಪ್ರಕಟನೆ 14:1ರಲ್ಲಿ ಕುರಿಮರಿಯ, ಅಂದರೆ ಯೇಸುವಿನ, ಜೊತೆ ನಿಂತವರ ಹಣೆಯ ಮೇಲೂ ಹೆಸರಿದೆ, ಅದು ಕುರಿಮರಿಯದ್ದು ಮತ್ತು ತಂದೆಯದ್ದು. ನಡುವಿನ ಅಧ್ಯಾಯದ ಗೆರೆ 13ನೇ ಶತಮಾನದಲ್ಲಿ ಬಂದದ್ದು, ಯೋಹಾನ ಹಾಕಿದ್ದಲ್ಲ. ಆ ಹೆಸರನ್ನು ಯಾರೂ ಮೈಕ್ರೋಚಿಪ್ ಎನ್ನುವುದಿಲ್ಲ, ಅದರ ಬಗ್ಗೆ ವಿಡಿಯೊವನ್ನೂ ಮಾಡುವುದಿಲ್ಲ. ಹೆದರಿಕೆಗೆ ಸಿಗುವಷ್ಟು ಲೈಕ್ ಭರವಸೆಗೆ ಎಲ್ಲಿ ಸಿಗುತ್ತದೆ?

666 ಇರುವ ನಂಬರ್ ಪ್ಲೇಟ್ ಬೇಡ ಎನ್ನುವ ನಮ್ಮವರೇ ಅದೇ ಗಾಡಿ ತರಲು ರಾಹುಕಾಲ ಕಳೆಯಲಿ ಎಂದು ಕಾಯುವುದನ್ನೂ ನೋಡಿದ್ದೇನೆ. ಇರಲಿ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: ಕಾಣಿಕೆಯನ್ನು ಫೋನಿನಲ್ಲಿ ಹಾಕುವುದು ಸರಿಯೇ? ನನ್ನ ಪ್ರಕಾರ ಧಾರಾಳವಾಗಿ. ಚರ್ಚಿನ ಬೆಳೆ ಹಬ್ಬದ ಏಲಂನಲ್ಲಿ ಒಂದು ತೆಂಗಿನಕಾಯಿಗೆ ಸಾವಿರ ಕೂಗಿದವರು ನೋಟಿಗಾಗಿ ಕಿಸೆ ತಡಕುವ ಕಾಲ ಹೋಯಿತು. ನನ್ನ ಚಿಂತೆ ಮಕ್ಕಳದ್ದು. ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಬರುವಾಗ ಅಪ್ಪ ಮೊಬೈಲ್ ತೋರಿಸಿ ಸುಮ್ಮನಾದರೆ ಪಕ್ಕದ ಮಗುವಿಗೆ ಕೊಡುವುದು ಎಂದರೇನು ಎಂದು ಹೇಗೆ ತಿಳಿಯಬೇಕು? ಅದರ ಕೈಗೊಂದು ನಾಣ್ಯ ಕೊಡಿ. ಮಾರ್ಕ 12ರಲ್ಲಿ ಯೇಸು ಬೊಕ್ಕಸದ ಎದುರು ಕುಳಿತು ಜನ ಕಾಣಿಕೆ ಹಾಕುವುದನ್ನೇ ನೋಡುತ್ತಿದ್ದದ್ದು. ವಿಧವೆಯ ಎರಡು ಕಾಸು ಕಣ್ಣಿಗೆ ಬಿದ್ದದ್ದೂ ಹಾಗೆಯೇ.

ಇನ್ನೊಂದು. ಅಂಗಡಿಗಳಲ್ಲಿರುವಂತೆ ಕಾಣಿಕೆಗೂ ಒಂದು ಸೌಂಡ್ ಬಾಕ್ಸ್ ಇಟ್ಟರೆ ಲೆಕ್ಕಕ್ಕೆ ಅನುಕೂಲ ಎಂದು ಕಮಿಟಿಯಲ್ಲಿ ಸಲಹೆ ಬಂದಿತ್ತು. 'ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಅದು ಇಡೀ ಸಭೆಗೆ ಸಾರಲಿ ಎಂದೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು ಮತ್ತಾಯ 6ರಲ್ಲಿದೆ. ಖಜಾಂಚಿಯ ಫೋನಿಗೆ ಮೆಸೇಜ್ ಬರುತ್ತದೆ, ಅಷ್ಟು ಸಾಕು ಎಂದೆ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳುತ್ತಾರೆ, ನನಗೆ ಗೊತ್ತು.