ಸ್ನಾಯುಗಳ ಹೆಸರು ಎಷ್ಟು ಉರು ಹೊಡೆದರೂ ಮರೆತುಹೋಗುತ್ತೆ, ಹೇಗೆ ಓದಲಿ?

ಪ್ರಶ್ನೆ: ನಾನು ಬಿಪಿಟಿ (ಫಿಸಿಯೋಥೆರಪಿ ಪದವಿ) ಮೊದಲ ವರ್ಷದ ವಿದ್ಯಾರ್ಥಿನಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ರತಿ ಸ್ನಾಯುವಿನ ಒರಿಜಿನ್ (ಹುಟ್ಟುವ ಜಾಗ), ಇನ್ಸರ್ಷನ್ (ಅಂಟಿಕೊಳ್ಳುವ ಜಾಗ), ನರ್ವ್ ಸಪ್ಲೈ (ಅದನ್ನು ನಡೆಸುವ ನರ), ಆಕ್ಷನ್ (ಕೆಲಸ) ಎಲ್ಲ ಉರು ಹೊಡೆಯುತ್ತೇನೆ. ಎರಡೇ ದಿನಕ್ಕೆ ಮರೆಯುತ್ತದೆ. ಏನು ಮಾಡಲಿ?

ಉತ್ತರ: ಒಂದೊಂದೇ ಸ್ನಾಯು ಹಿಡಿದು ಓದುವುದನ್ನು ಬಿಡಿ. ಒಂದು ಚಲನೆ ಹಿಡಿದು ಓದಿ. ನಾಳೆ ನಿಮ್ಮ ಹತ್ತಿರ ಬರುವ ಅಜ್ಜಿ ಸ್ನಾಯುವಿನ ಹೆಸರು ಹೇಳಲ್ಲ. ‘ತಲೆ ಬಾಚೋಕೆ ಕೈ ಮೇಲೆ ಹೋಗ್ತಿಲ್ಲಮ್ಮಾ’ ಅಂತಾರೆ. ಅಲ್ಲಿಂದಲೇ ಶುರು ಮಾಡೋಣ.

ರೂಮ್‌ಮೇಟನ್ನು ನಿಲ್ಲಿಸಿ, ಹಿಂದೆ ನಿಂತುಕೊಳ್ಳಿ. ಸ್ಕ್ಯಾಪುಲಾದ, ಅಂದರೆ ಹೆಗಲ ಹಿಂದಿನ ಚಪ್ಪಟೆ ಮೂಳೆಯ, ಕೆಳತುದಿಯ ಮೇಲೆ ಹೆಬ್ಬೆರಳು ಇಡಿ. ಈಗ ಅವಳು ಕೈಯನ್ನು ಪಕ್ಕದಿಂದ ನಿಧಾನವಾಗಿ ಎತ್ತಲಿ. ಮೊದಮೊದಲು ನಿಮ್ಮ ಬೆರಳು ಹೆಚ್ಚು ಅಲ್ಲಾಡಲ್ಲ. ಆಮೇಲೆ ಮೂಳೆಯ ತುದಿ ಜಾರುತ್ತಾ ಕಂಕುಳಿನ ಕಡೆಗೆ ಹೋಗುತ್ತದೆ. ಕೈ ಪೂರ್ತಿ ಮೇಲೆ ಹೋಗಲು 180 ಡಿಗ್ರಿ ಬೇಕು. ಅದರಲ್ಲಿ ಸುಮಾರು 120 ಭುಜದ ಕೀಲಿನದು, 60 ಸ್ಕ್ಯಾಪುಲಾದ್ದು. ಬೆರಳಿಗೆ ಸಿಕ್ಕಿದ ಈ ಲೆಕ್ಕ ಮರೆಯುವುದು ಕಷ್ಟ.

ಈಗ ಯಾರು ಏನು ಮಾಡಿದರು ಅಂತ ಕೇಳಿಕೊಳ್ಳಿ. ತೋಳನ್ನು ಎತ್ತಿದ್ದು ಡೆಲ್ಟಾಯಿಡ್, ಭುಜವನ್ನು ಹೊರಗಿನಿಂದ ಮುಚ್ಚಿರುವ ದಪ್ಪ ಸ್ನಾಯು. ಆದರೆ ಅದು ಒಂದೇ ಎಳೆದರೆ ತೋಳುಮೂಳೆಯ ತಲೆ ಮೇಲಕ್ಕೆ ಜಾರಿ ಅಕ್ರೋಮಿಯನ್‌ಗೆ (ಭುಜದ ಮೇಲೆ ಚಾಚಿರುವ ಸ್ಕ್ಯಾಪುಲಾದ ತುದಿಗೆ) ತಗಲುತ್ತದೆ. ಹಾಗಾಗದಂತೆ ತಲೆಯನ್ನು ಗುಳಿಯಲ್ಲಿ ಒತ್ತಿ ಹಿಡಿಯುವುದು ರೊಟೇಟರ್ ಕಫ್‌ನ, ಅಂದರೆ ಕೀಲನ್ನು ಸುತ್ತುವರಿದ ಗುಂಪಿನ, ನಾಲ್ಕು ಸ್ನಾಯುಗಳು. ಸ್ಕ್ಯಾಪುಲಾವನ್ನು ತಿರುಗಿಸುವುದು ಟ್ರಪೀಜಿಯಸ್ ಮತ್ತು ಸೆರೇಟಸ್ ಆಂಟೀರಿಯರ್ ಅನ್ನುವ ಎರಡು ಸ್ನಾಯುಗಳು. ಕೆಲಸ ಗೊತ್ತಾದ ಮೇಲೆ ಅದು ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಂಡಿರಬೇಕು ಅಂತ ನೀವೇ ಊಹಿಸಬಹುದು. ಆಮೇಲೆ ಪುಸ್ತಕ ತೆಗೆದು ಸರಿಯಾ ನೋಡಿ.

ಹೆಸರುಗಳಿಗೆ ಹೆದರಬೇಡಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಮಾತ್ರ ಅವು ಕಷ್ಟ ಅಂದುಕೊಳ್ಳುವುದು ತಪ್ಪು. ಅವು ಇಂಗ್ಲಿಷ್ ಅಲ್ಲ, ಹೆಚ್ಚಿನವು ಲ್ಯಾಟಿನ್, ಗ್ರೀಕ್. ಎಲ್ಲರಿಗೂ ಹೊಸವೇ. ‘ಸುಪ್ರಾ’ ಅಂದರೆ ಮೇಲೆ, ‘ಸ್ಪೈನ್’ ಅಂದರೆ ಮುಳ್ಳು. ಸ್ಕ್ಯಾಪುಲಾದ ಮುಳ್ಳಿನಂಥ ಏಣಿನ ಮೇಲೆ ಕೂತಿರುವುದೇ ಸುಪ್ರಾಸ್ಪೈನೇಟಸ್. ಅದರ ಕೆಳಗಿನದು ಇನ್‌ಫ್ರಾಸ್ಪೈನೇಟಸ್. ಹೆಸರೇ ವಿಳಾಸ ಹೇಳುತ್ತೆ, ಅಲ್ವಾ?

ನರಗಳನ್ನು ‘ಇದು ಕೆಟ್ಟರೆ ಏನಾಗುತ್ತೆ’ ಅನ್ನುವ ಪ್ರಶ್ನೆಯ ಜೊತೆ ಓದಿ. ಆಕ್ಸಿಲರಿ ನರ ತೋಳುಮೂಳೆಯ ಕುತ್ತಿಗೆಯನ್ನು ಸುತ್ತಿಕೊಂಡು ಹೋಗುತ್ತದೆ. ಭುಜ ಜಾರಿದಾಗ ಅದಕ್ಕೆ ಪೆಟ್ಟಾಗಬಹುದು. ಆಗ ಡೆಲ್ಟಾಯಿಡ್ ಸೋಲುತ್ತದೆ, ತೋಳಿನ ಹೊರಗಡೆ ಸ್ಪರ್ಶ ಮಂಕಾಗುತ್ತದೆ. ಹೆಚ್ಚುಕಡಿಮೆ ಬಿಸಿಜಿ ಲಸಿಕೆಯ ಗುರುತು ಇರುವ ಜಾಗ ಅದು. ನಿಮ್ಮ ಎಡತೋಳನ್ನೇ ಮುಟ್ಟಿ ನೋಡಿಕೊಳ್ಳಿ.

ಫಿಸಿಯಾಲಜಿಯನ್ನು (ದೇಹ ಹೇಗೆ ಕೆಲಸ ಮಾಡುತ್ತೆ ಅನ್ನುವ ಪಾಠವನ್ನು) ಬೇರೆ ಸಬ್ಜೆಕ್ಟ್ ಅಂತ ಪಕ್ಕಕ್ಕಿಡುವವರು ಜಾಸ್ತಿ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಒಂದು ತಂಬಿಗೆ ನೀರು ಹಿಡಿದು ಕೈಯನ್ನು ಭುಜದ ಮಟ್ಟಕ್ಕೆ ಚಾಚಿ, ಹಾಗೇ ನಿಲ್ಲಿಸಿ. ಸ್ವಲ್ಪ ಹೊತ್ತಿಗೇ ಭುಜ ಉರಿಯತೊಡಗುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ಬೇಕಾದಷ್ಟು ರಕ್ತ ಹರಿಯಲ್ಲ. ಇತ್ತ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರಿಗೆ ವ್ಯಾಯಾಮ ಹೇಳಿಕೊಡುವಾಗ ‘ಉಸಿರು ಬಿಗಿಹಿಡಿಯಬೇಡಿ’ ಅಂತ ಎಚ್ಚರಿಸುವುದು ಇದಕ್ಕೇ. ಉಸಿರು ಕಟ್ಟಿದರೆ ಒತ್ತಡ ಇನ್ನೂ ಏರುತ್ತದೆ.

ಮೊದಲ ವರ್ಷದಲ್ಲಿ ನಾನೂ ಸುಮ್ನೆ ಪಟ್ಟಿ ಉರು ಹೊಡೆದವಳೇ. ಇಂಟರ್ನ್‌ಶಿಪ್‌ನಲ್ಲಿ ಭುಜ ಬಿಗಿದಿದ್ದ ಒಬ್ಬ ಅಮ್ಮ ಕೈ ಎತ್ತಿದರು. ತೋಳು ಅಷ್ಟೇನೂ ಮೇಲೆ ಹೋಗಲಿಲ್ಲ, ಇಡೀ ಹೆಗಲೇ ಕಿವಿಯ ಹತ್ತಿರ ಬಂತು. ಕೀಲು ಬಿಗಿದಿರುವಾಗ ಅದರ ಪಾಲನ್ನೂ ಸ್ಕ್ಯಾಪುಲಾ ಹೊರಲು ನೋಡುತ್ತಿತ್ತು. 120 ಮತ್ತು 60 ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತೇ. ನೀವು ಇಂಟರ್ನ್‌ಶಿಪ್‌ವರೆಗೆ ಕಾಯಬೇಡಿ. ಇವತ್ತು ರಾತ್ರಿಯೇ ರೂಮ್‌ಮೇಟನ್ನು ನಿಲ್ಲಿಸಿ, ಹೆಬ್ಬೆರಳು ಇಟ್ಟು ನೋಡಿ.